ಬೆಂಗಳೂರಿನ ಗೋಡೆ ಚಿತ್ರಗಳು: ಬಿಡಿಸೋರು ಯಾರು, ಅನುಮತಿ ಕೊಡೋರು ಯಾರು, ಉಳಿಸೋರು ಯಾರು?

ಬೆಂಗಳೂರು: ಮೇಲ್ಸೇತುವೆ ಕಂಬ, ಮೆಟ್ರೋ ನಿಲ್ದಾಣ, ಶಾಲೆ ಕಾಂಪೌಂಡ್... ನಗರದಲ್ಲಿ ಎಲ್ಲಿ ನೋಡಿದರೂ ಬಣ್ಣ. ಆದರೆ ಕೆಲವು ಚಿತ್ರ ವರ್ಷಗಟ್ಟಲೆ ಇರುತ್ತವೆ, ಕೆಲವು ಮುಂದಿನ ಮಳೆಗಾಲದೊಳಗೆ ಪೋಸ್ಟರ್ ಅಡಿ ಮುಚ್ಚಿ ಹೋಗುತ್ತವೆ. ಈ ವ್ಯತ್ಯಾಸಕ್ಕೆ ಪೇಂಟ್ ಗುಣಮಟ್ಟ ಒಂದೇ ಕಾರಣ ಅಲ್ಲ. ಗೋಡೆ ತಮ್ಮದು ಅಂತ ಎಷ್ಟು ಜನಕ್ಕೆ ಅನ್ನಿಸಿದೆ ಅನ್ನೋದೂ ಮುಖ್ಯ.

ಪಾಲಿಕೆ ಬರೆಸಿದ ಗೋಡೆಗಳು

2009ರಲ್ಲಿ ಆಗಿನ ಬಿಬಿಎಂಪಿ ನಗರದ ಗೋಡೆಗಳ ಮೇಲೆ ಸ್ಮಾರಕ, ಕಾಡುಪ್ರಾಣಿ, ಪ್ರಕೃತಿ ದೃಶ್ಯಗಳನ್ನು ಬರೆಸಿತು. ಪೋಸ್ಟರ್ ಹಾವಳಿ ತಡೆಯೋದು ಉದ್ದೇಶ. ಬರೆದವರಲ್ಲಿ ಹೆಚ್ಚಿನವರು ಸಿನಿಮಾ ಬ್ಯಾನರ್, ಅಂಗಡಿ ಬೋರ್ಡ್ ಬರೆಯುತ್ತಿದ್ದ ಕಲಾವಿದರು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಕೈಗಳಿಗೆ ಮತ್ತೆ ಬ್ರಷ್ ಸಿಕ್ಕಿತು. ಆದರೆ ಏನು ಬರೆಯಬೇಕು ಅಂತ ಆ ಬೀದಿಯವರನ್ನು ಕೇಳುವ ಕ್ರಮ ಅದರಲ್ಲಿ ಇರಲಿಲ್ಲ.

ಜನ ಸೇರಿ ಮಾಡಿದ್ದು

ಆಮೇಲೆ ಬಂದ ಪ್ರಯತ್ನಗಳ ದಾರಿಯೇ ಬೇರೆ. 'ದಿ ಅಗ್ಲಿ ಇಂಡಿಯನ್' ತಂಡದ ಜೊತೆ ಹೆಸರು ಹೇಳಿಕೊಳ್ಳದ ಸ್ವಯಂಸೇವಕರು ಕಸದ ಜಾಗ ಗುಡಿಸಿ, ಮೇಲ್ಸೇತುವೆ ಕಂಬಗಳಿಗೆ ಬಣ್ಣ ಬಳಿದರು. ಸೃಷ್ಟಿ ಕಲಾ ಸಂಸ್ಥೆಯ ವಿದ್ಯಾರ್ಥಿಗಳು 'ಆರ್ಟ್ ಇನ್ ಟ್ರಾನ್ಸಿಟ್' ಯೋಜನೆಯಲ್ಲಿ ಬಿಎಂಆರ್‌ಸಿಎಲ್ ಜೊತೆ ಸೇರಿ ಪೀಣ್ಯ, ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣಗಳನ್ನೇ ಪ್ರದರ್ಶನದ ಜಾಗ ಮಾಡಿಕೊಂಡರು. 2016ರಲ್ಲಿ ಪೂರ್ಣಿಮಾ ಸುಕುಮಾರ್ ಶುರು ಮಾಡಿದ 'ಅರವಾಣಿ ಆರ್ಟ್ ಪ್ರಾಜೆಕ್ಟ್'ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರೇ ಬ್ರಷ್ ಹಿಡಿಯುತ್ತಾರೆ. ಜನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಬೀದಿಯಲ್ಲೇ ನಿಂತು ಅವರು ಚಿತ್ರ ಬಿಡಿಸೋದು ಸಣ್ಣ ಮಾತಲ್ಲ.

ಇನ್ನು ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಎಲ್ಲರಿಗೂ ಗೊತ್ತಿರೋದೇ. 2003ರಿಂದ ಕುಮಾರಕೃಪಾ ರಸ್ತೆ ಒಂದು ದಿನದ ಮಟ್ಟಿಗೆ ಗ್ಯಾಲರಿ ಆಗುತ್ತೆ. ಆದರೆ ಸಂತೆಯ ಚಿತ್ರ ಕೊಂಡವರ ಮನೆ ಸೇರುತ್ತೆ, ಗೋಡೆ ಚಿತ್ರ ಬೀದಿಯಲ್ಲೇ ಬಾಳಬೇಕು.

ಅಳಿಸಿದರೇ ಗೆಲುವು!

ಕೆಲವು ಕೆಲಸ ಉಳಿಯೋಕೆ ಅಂತ ಮಾಡಿದ್ದೇ ಅಲ್ಲ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಫೈಬರ್ ಮೊಸಳೆ ಇಟ್ಟರು. ಸುದ್ದಿಯಾದ ಬೆನ್ನಲ್ಲೇ ಗುಂಡಿ ಮುಚ್ಚಿತು. 2019ರಲ್ಲಿ ಹೇರೋಹಳ್ಳಿಯ ಗುಂಡಿ ರಸ್ತೆಯಲ್ಲಿ ಗಗನಯಾತ್ರಿ ವೇಷದ ನಟನನ್ನು ನಡೆಸಿದಾಗಲೂ ಪಾಲಿಕೆ ಓಡಿ ಬಂತು. ಇಂಥ ಕಲೆ ಮಾಯವಾದಷ್ಟು ಒಳ್ಳೇದು.

ಕಾನೂನು ಏನು ಹೇಳುತ್ತೆ?

ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕರ್ನಾಟಕ ಕಾಯ್ದೆ 1981ರದು. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾಹೀರಾತು ಹಾಕಲು ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕು. ಕಾಯ್ದೆಯ ಪ್ರಕಾರ ಜಾಹೀರಾತು ಅಂದ್ರೆ ಬರೀ ಅಂಗಡಿ ಬೋರ್ಡ್ ಅಲ್ಲ, ಅದರ ವ್ಯಾಖ್ಯೆ ವಿಶಾಲವಾಗಿದೆ. ಹಾಗಾಗಿ 'ಒಳ್ಳೇ ಉದ್ದೇಶ ಸಾರ್' ಅಂದ್ರೆ ಸಾಲದು, ಕೈಯಲ್ಲಿ ಪತ್ರ ಇರಲಿ. 2025ರ ಸೆಪ್ಟೆಂಬರ್‌ನಿಂದ ನಗರದಲ್ಲಿ ಐದು ಪಾಲಿಕೆಗಳಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರುತ್ತೆ ಅಂತ ಮೊದಲು ನೋಡಿಕೊಳ್ಳಿ.

ಕಲಾವಿದರಿಗೂ ರಕ್ಷಣೆ ಇದೆ. ದಿಲ್ಲಿಯ ವಿಜ್ಞಾನ ಭವನದಲ್ಲಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತು ಹಾಳುಮಾಡಿತು ಅಂತ ಅಮರನಾಥ್ ಸೆಹಗಲ್ ಕೋರ್ಟ್‌ಗೆ ಹೋದರು. 2005ರಲ್ಲಿ ದಿಲ್ಲಿ ಹೈಕೋರ್ಟ್ 5 ಲಕ್ಷ ರೂ. ಪರಿಹಾರ ಕೊಡಿಸಿತು. ದುಡ್ಡು ಕೊಟ್ಟು ಬರೆಸಿದ ಮಾತ್ರಕ್ಕೆ ಕಲಾವಿದನ ಹಕ್ಕು ಮುಗಿಯಲ್ಲ ಅನ್ನೋದು ಇದರ ಸಾರ.

ನಿಮ್ಮ ಬೀದಿಯಲ್ಲಿ ಬರೆಸೋದಾದ್ರೆ

* ಗೋಡೆ ಮಾಲೀಕರು, ಪಾಲಿಕೆ ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ.
* ತೇವ ಹಿಡಿದ ಗೋಡೆ ಮೊದಲು ಒಣಗಲಿ. ಪ್ರೈಮರ್ ಹೊಡೆದು, ಹೊರಗೋಡೆಗೆ ಅಂತಲೇ ಇರುವ ಎಮಲ್ಷನ್ ಬಳಸಿ.
* ಏನು ಬರೆಯಬೇಕು ಅಂತ ಅಂಗಡಿಯವರು, ಆಟೋ ಸ್ಟ್ಯಾಂಡ್‌ನವರು, ಪೌರಕಾರ್ಮಿಕರನ್ನೂ ಕೇಳಿ. ಪೋಸ್ಟರ್ ಅಂಟಿಸೋಕೆ ಬಂದವರನ್ನು ತಡೆಯೋರು ಅವರೇ.
* ಕಲಾವಿದರಿಗೆ ಸಂಭಾವನೆ ಕೊಡಿ, ಗೋಡೆ ಮೇಲೆ ಅವರ ಹೆಸರು ಇರಲಿ.
* ಮುಂದಿನ ವರ್ಷ ಟಚ್‌ಅಪ್ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ.