ಕೇರಾಫ್ ಅಂದ್ರೆ ಯಾರ ಮನಿ?

ಯಾವುದಾದ್ರೂ ಒಂದು ಲಕೋಟೆ ನೋಡ್ರಿ. ಮೇಲೆ ಹೆಸರು. ಅದರ ಕೆಳಗೆ ಇಂಗ್ಲಿಷಿನಾಗ ಸಿ, ಒಂದು ಓರೆ ಗೀಟು, ಓ. ಇದೇ ನಾವು ದಿನಾ ಅನ್ನೋ ‘ಕೇರಾಫ್’. ಪೂರ್ತಿ ಹೇಳಿದ್ರೆ ‘ಕೇರ್ ಆಫ್’. ಅಂದ್ರೆ, ಇಂಥವರ ಸುಪರ್ದಿಗೆ ಕೊಡ್ರಿ, ಅವರು ಮುಟ್ಟಿಸ್ತಾರ.

ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಹುಡುಗ ಬೆಂಗಳೂರಿನಾಗ ಬಾಡಿಗೆ ರೂಮಿನಾಗ ಇದ್ದಾನ ಅನ್ಕೊಳ್ರಿ. ಪೋಸ್ಟ್‌ಮ್ಯಾನ್‌ಗೆ ಅವನ ಗುರುತಿಲ್ಲ, ಮನಿ ಮಾಲೀಕರದು ಐತಿ. ಆಗ ಮೊದಲ ಸಾಲಿನಾಗ ಹುಡುಗನ ಹೆಸರು, ಎರಡನೇ ಸಾಲಿನಾಗ ಕೇರಾಫ್ ಹಾಕಿ ಮಾಲೀಕರ ಹೆಸರು. ಈ ಕ್ರಮ ತಿರುವು ಮುರುವು ಮಾಡಿದ್ರೆ ಪತ್ರ ಮಾಲೀಕರದ್ದೇ ಆಗ್ತದ!

ಬಾಳ ಮಂದಿ ಇದನ್ನ ‘ಸನ್ ಆಫ್’ ಜಾಗಕ್ಕೆ ಬರೀತಾರ. ‘ಸನ್ ಆಫ್’ ಸಂಬಂಧ ಹೇಳ್ತದ, ಕೇರಾಫ್ ಎಲ್ಲಿ ಸಿಗ್ತಾನ ಅಂತ ಹೇಳ್ತದ. ಆಧಾರ್ ಕಾರ್ಡಿನಾಗ ಅಪ್ಪನ ಹೆಸರಿನ ಮುಂದೂ ಕೇರಾಫ್ ಇರಬಹುದು, ಅದಕ್ಕೇ ಈ ಗೊಂದಲ.

ಪದ ಕನ್ನಡದಾಗ ಎಷ್ಟು ಬೆರೆತದ ಅಂದ್ರೆ, 2006ರಾಗ ಬಂದ ಸಿನಿಮಾದ ಹೆಸರೇ ‘ಕೇರ್ ಆಫ್ ಫುಟ್‌ಪಾತ್’. ಮನಿ ಇಲ್ಲದ ಹುಡುಗನಿಗೆ ಫುಟ್‌ಪಾತೇ ಆಸರೆ. ಆ ಹೆಸರು ಕೇಳಿದಾಗೆಲ್ಲ ನನಗ ನಮ್ಮ ಆರ್.ಎಚ್. ಕ್ಯಾಂಪ್ ನೆನಪಾಗ್ತದ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರಿನ ನೆಲ ವಿಳಾಸ ಕೊಡ್ತು. ಆರ್.ಎಚ್. ಅನ್ನೋದರಾಗೇ ಪುನರ್ವಸತಿ ಅನ್ನೋ ಅರ್ಥ ಐತಿ.

ಇಲ್ಲಿಗೆ ಪತ್ರ ಬರೆಯೋರು ಕೇರಾಫ್ ಜೊತಿಗೆ ಕ್ಯಾಂಪ್ ನಂಬರ್ ಬರೀರಿ, ಪಿನ್ ಕೋಡ್ ಹಾಕ್ರಿ. ಆರ್.ಎಚ್. ಕ್ಯಾಂಪ್ ಒಂದೇ ಅಲ್ಲ.