ಬಾವುಟ ಒಂದು, ಹಡಗು ಮತ್ತೊಂದು: ಯುದ್ಧಕಾಲದ ವೇಷಧಾರಿ ನೌಕೆಗಳು

ರಜೆಯಲ್ಲಿ ಪುಣೆಯಿಂದ ಗೋವಾಕ್ಕೆ ಹೋಗುವ ನಮ್ಮ ಅನೇಕ ಕುಟುಂಬಗಳು ಮಾರ್ಮಗೋವಾ ಬಂದರನ್ನು ಕಂಡಿರುತ್ತವೆ. ಎರಡನೆಯ ಮಹಾಯುದ್ಧದಲ್ಲಿ ‘ಎರೆನ್‌ಫೆಲ್ಸ್’ ಎಂಬ ಜರ್ಮನ್ ಸರಕು ನೌಕೆಯು ಅಲ್ಲಿ ಮೂರು ವರ್ಷಕ್ಕೂ ಮೀರಿ ಲಂಗರು ಹಾಕಿ ನಿಂತಿತ್ತು. ಬ್ರೆಮೆನ್ ನಗರದ ಹಾನ್ಸಾ ಕಂಪನಿಗೆ ಸೇರಿದ ಇದಕ್ಕೆ ‘ಗೋಲ್ಡನ್‌ಫೆಲ್ಸ್’ ಮತ್ತು ‘ಕಾಂಡೆಲ್‌ಫೆಲ್ಸ್’ ಎಂಬ ಸೋದರಿ ನೌಕೆಗಳಿದ್ದವು. ಅವೆರಡನ್ನೂ ಜರ್ಮನ್ ನೌಕಾಪಡೆಯು ವಶಕ್ಕೆ ಪಡೆದು, ಗುಪ್ತವಾಗಿ ಫಿರಂಗಿಗಳನ್ನು ಅಳವಡಿಸಿ, ‘ಅಟ್ಲಾಂಟಿಸ್’ ಮತ್ತು ‘ಪಿಂಗ್ವಿನ್’ ಎಂದು ಹೆಸರಿಸಿತು.

1939ರಲ್ಲಿ ಬ್ರಿಟನ್ ಜರ್ಮನಿಗೆ ನೌಕಾ ದಿಗ್ಬಂಧನ ವಿಧಿಸಿತ್ತು. ಅದನ್ನು ಭೇದಿಸಲು ಇವುಗಳಿಗಿದ್ದ ಉಪಾಯ ವೇಷವೊಂದೇ. ಕಡಲಿನಲ್ಲಿ ದೂರದ ಹಡಗನ್ನು ಗುರುತಿಸುವುದು ಹೊಗೆಕೊಳವೆ, ಕಂಬ, ಬಣ್ಣ ಮತ್ತು ಬಾವುಟಗಳಿಂದ. ಆದ್ದರಿಂದ ಸುಳ್ಳು ಹೊಗೆಕೊಳವೆ, ಎತ್ತರ ಬದಲಿಸಬಹುದಾದ ಕಂಬಗಳು ಹಾಗೂ ರಾಶಿ ಬಣ್ಣ ಸಿದ್ಧವಾದವು. ನೌಕಾ ಪಟ್ಟಿಗಳನ್ನು ನೋಡಿ, ತಮ್ಮ ಆಕಾರವನ್ನೇ ಹೋಲುವ ನಿಜವಾದ ಹಡಗೊಂದರ ಹೆಸರನ್ನು ಧರಿಸುತ್ತಿದ್ದರು. ಪರದೇಶದ ಬಾವುಟ ಹಾರಿಸುವುದು ಯುದ್ಧನಿಯಮಕ್ಕೆ ವಿರುದ್ಧವಲ್ಲ. ಆದರೆ ಗುಂಡು ಹಾರಿಸುವ ಮುನ್ನ ಸ್ವಂತ ಬಾವುಟ ಏರಿಸಲೇಬೇಕು.

1940ರ ಮಾರ್ಚ್‌ನಲ್ಲಿ ಹೊರಟ ಅಟ್ಲಾಂಟಿಸ್ ಮೊದಲು ಸೋವಿಯತ್ ಹಡಗಾಯಿತು, ಬಳಿಕ ‘ಕಾಸಿ ಮಾರು’ ಎಂಬ ಜಪಾನಿ ಹಡಗಾಯಿತು. ನಾವಿಕನೊಬ್ಬನು ಹೆಣ್ಣುವೇಷ ತೊಟ್ಟು ಮಗುವಿನ ತಳ್ಳುಗಾಡಿಯೊಡನೆ ಅಟ್ಟದ ಮೇಲೆ ಅಡ್ಡಾಡಿದ್ದೂ ಉಂಟು! ಈ ವೇಷಗಳ ಬಲದಿಂದ ಅದು 22 ಹಡಗುಗಳನ್ನು ಹಿಡಿಯಿತು ಇಲ್ಲವೆ ಮುಳುಗಿಸಿತು. 1941ರ ನವೆಂಬರ್ 22ರಂದು ಬ್ರಿಟಿಷ್ ಸಮರನೌಕೆ ‘ಡೆವನ್‌ಶೈರ್’ ಎದುರಾದಾಗ ತಾನು ಡಚ್ಚರ ‘ಪಾಲಿಫೀಮಸ್’ ಎಂದು ಹೇಳಿಕೊಂಡಿತು. ಡೆವನ್‌ಶೈರ್ ತನ್ನ ಕೇಂದ್ರವನ್ನು ನಿಸ್ತಂತುವಿನ ಮೂಲಕ ವಿಚಾರಿಸಿತು. ಆ ಹಡಗು ಅಲ್ಲಿರಲು ಸಾಧ್ಯವಿಲ್ಲವೆಂಬ ಉತ್ತರ ಬರುತ್ತಲೇ ಅಟ್ಲಾಂಟಿಸ್‌ನ ಕಥೆ ಮುಗಿಯಿತು.

ಪಿಂಗ್ವಿನ್‌ನ ಅಂತ್ಯ ಇನ್ನೂ ದಾರುಣ. 1941ರ ಮೇ 8ರಂದು, ನಾರ್ವೆಯ ‘ಟ್ಯಾಮರ್ಲೇನ್’ ಎಂಬ ವೇಷದಲ್ಲಿದ್ದ ಅದನ್ನು ‘ಕಾರ್ನ್‌ವಾಲ್’ ನೌಕೆಯು ಹಿಂದೂ ಮಹಾಸಾಗರದಲ್ಲಿ ಸ್ಫೋಟಿಸಿತು. ಸೆರೆಸಿಕ್ಕ ಹಡಗುಗಳ 200ಕ್ಕೂ ಹೆಚ್ಚು ನಾವಿಕರು ಅದರ ಒಡಲಲ್ಲಿ ಬಂದಿಗಳಾಗಿದ್ದರು. ಬದುಕುಳಿದ ಬಂದಿಗಳು 22 ಮಂದಿ ಮಾತ್ರ. ಮಡಿದವರಲ್ಲಿ ಹೆಚ್ಚಿನವರು ಲಸ್ಕರರು, ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ದೇಶದ ಖಲಾಸಿಗಳು.

ಇತ್ತ ಎರೆನ್‌ಫೆಲ್ಸ್‌ಗೆ ವೇಷ ಬೇಕಾಗಿರಲಿಲ್ಲ. ತಟಸ್ಥ ಪೋರ್ಚುಗಲ್ಲಿನ ಬಂದರೇ ಅದಕ್ಕೆ ರಕ್ಷೆ. ಅದು ರಹಸ್ಯ ಸಂದೇಶ ಕಳುಹಿಸುತ್ತಿದೆಯೆಂದು ಶಂಕಿಸಿದ ಬ್ರಿಟಿಷರೇ ಈಗ ವೇಷ ತೊಟ್ಟರು. ‘ಕಲ್ಕತ್ತಾ ಲೈಟ್ ಹಾರ್ಸ್’ ಎಂಬ ಮೀಸಲು ಪಡೆಯ ಸದಸ್ಯರು, ಅಂದರೆ ಕಂಪನಿಗಳಲ್ಲಿ ಉದ್ಯೋಗದಲ್ಲಿದ್ದ ಮಧ್ಯವಯಸ್ಕರು, ‘ಫೀಬಿ’ ಎಂಬ ಹೂಳು ಸಾಗಿಸುವ ದೋಣಿಯಲ್ಲಿ ಬಂದು 1943ರ ಮಾರ್ಚ್ 9ರ ನಸುಕಿನಲ್ಲಿ ದಾಳಿ ಮಾಡಿದರು. ಅಲ್ಲಿದ್ದ ಮೂರು ಜರ್ಮನ್ ಹಾಗೂ ಒಂದು ಇಟಾಲಿಯನ್ ಹಡಗು ತಮ್ಮ ಸಿಬ್ಬಂದಿಯ ಕೈಯಿಂದಲೇ ನಾಶವಾದವು. 1980ರ ‘ದಿ ಸೀ ವುಲ್ವ್ಸ್’ ಚಲನಚಿತ್ರವು ಈ ಪ್ರಸಂಗವನ್ನು ಆಧರಿಸಿದೆ.

ಸಾಹಸಿಗಳ ಮೇಲೆ ಚಲನಚಿತ್ರ ಬಂದಿತು. ಪಿಂಗ್ವಿನ್‌ನ ಒಡಲಲ್ಲಿ ಮಡಿದ ಖಲಾಸಿಗಳನ್ನು ನೆನೆಯುವವರು ಕಡಿಮೆ. ಮುಂಬಯಿಯ ಮಸ್ಜಿದ್ ಬಂದರ್ ಪ್ರದೇಶದ ಇಂಡಿಯನ್ ಸೇಲರ್ಸ್ ಹೋಂನಲ್ಲಿ ಯುದ್ಧದಲ್ಲಿ ಅಳಿದ ಭಾರತೀಯ ನಾವಿಕರ ಸ್ಮಾರಕವಿದೆ. ಪುಣೆಯ ನಮಗೆ ಅದು ದೂರವೇನಲ್ಲ.