ಗೇರ್ ಹಾಕಿದರೆ ಕಾರು ಆಫ್: 4,000 ದಿರ್ಹಂ ಕೊಡುವ ಮುನ್ನ

ನನ್ನ ಹಳೇ ಆಟೋಮ್ಯಾಟಿಕ್ ಕಾರು 'ಡಿ'ಗೆ ಹಾಕಿದ ಕೂಡಲೇ ಆಫ್ ಆಗತೊಡಗಿತು. ಮುಸಫ್ಫಾದ ಒಂದು ಗ್ಯಾರೇಜಿನಲ್ಲಿ ಬಾನೆಟ್ ಕೂಡ ತೆಗೆಯದೆ, "ಗೇರ್‌ಬಾಕ್ಸ್ ಹೋಗಿದೆ, 4,000 ದಿರ್ಹಂ" ಅಂದರು. ಕಾರಿಗೆ ಸಿಗುವ ಬೆಲೆಯೇ 7,000!

ಹೂಂ ಅನ್ನುವ ಮುನ್ನ ಇಷ್ಟು ನೋಡಿ. ನ್ಯೂಟ್ರಲ್‌ನಲ್ಲೇ ಆರ್‌ಪಿಎಂ ಏರಿಳಿಯುತ್ತಿದ್ದರೆ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು, ಇಲ್ಲವೇ ವ್ಯಾಕ್ಯೂಮ್ ಪೈಪ್ ಸೋರುತ್ತಿರಬಹುದು. ಸಣ್ಣ ಖರ್ಚು. ನ್ಯೂಟ್ರಲ್‌ನಲ್ಲಿ ಸರಿಯಿದ್ದು, ಗೇರ್ ಹಾಕಿದಾಗ ಕ್ಲಚ್ ಥಟ್ಟನೆ ಬಿಟ್ಟ ಮ್ಯಾನುವಲ್ ಕಾರಿನಂತೆ ಜಗ್ಗಿ ನಿಂತರೆ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಬಿಡುತ್ತಿಲ್ಲವೆಂಬ ಅನುಮಾನ. ಆಗಲೂ ಮೊದಲು ಗೇರ್ ಆಯಿಲ್, ಸಾಲೆನಾಯ್ಡ್ ಪರೀಕ್ಷಿಸಲಿ. ಗೇರ್‌ಬಾಕ್ಸ್ ಬಿಚ್ಚುವ ಮಾತು ಆಮೇಲೆ.

ನನ್ನದು ಥ್ರಾಟಲ್ ಬಾಡಿ. ಬೇರೆ ಕಡೆ 150 ದಿರ್ಹಂಗೆ ಕ್ಲೀನ್ ಆಯಿತು.

ನಿಜಕ್ಕೂ ಗೇರ್‌ಬಾಕ್ಸೇ ಹೋಗಿದ್ದರೆ? ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಇದ್ದಂತೆಯೇ ಮಾರುವುದು ನನ್ನ ನಿಯಮ. ಹಿಂದೆ ಸುರಿದ ದುಡ್ಡು ಲೆಕ್ಕಕ್ಕಿಲ್ಲ.